ಮೋಮೋ ಸೂರಿನ ಕೆಳಗೊಂದು ಮರದ ನೆಲ

ಕೆಲಸದ ಜಾಗದಲ್ಲಿ ನಗು ಬರುವ ಸಂಗತಿಗಳು ಎಲ್ಲರಿಗೂ ಆಗಾಗ ಎದುರಾಗುತ್ತವೆ. ದಿಲ್ಲಿಯ ಒಂದು ಸರ್ಕಾರಿ ಒಳಾಂಗಣ ಕ್ರೀಡಾಂಗಣದಲ್ಲಿ ಕೆಲಸ ಮಾಡಿದರೆ ಮಾತ್ರ ಅವು ಹಾಜರಿ ಹಾಕಿದ ಹಾಗೆ ದಿನವೂ ಬರುತ್ತವೆ. ಒಳಾಂಗಣ ಕ್ರೀಡಾಂಗಣ ಅಂದರೆ ಮೇಲೆ ಸೂರು, ಸುತ್ತ ಗೋಡೆ, ನಡುವೆ ಆಟದ ನೆಲ ಇರುವ ಕಟ್ಟಡ. ಇದನ್ನೂ ವಿವರಿಸಬೇಕೇ ಎಂದು ನೀವು ಕೇಳಬಹುದು. ವಿವರಿಸಲೇಬೇಕು. ನಮ್ಮಲ್ಲಿಗೆ ಬಂದುಹೋದ ಹಲವು ದೊಡ್ಡ ಮನುಷ್ಯರಿಗೆ ಸೂರು ಕಂಡಿತು, ಗೋಡೆ ಕಂಡಿತು, ನಡುವೆ ಆಟವೂ ನಡೆಯುತ್ತದೆ ಎಂಬುದು ಕೊನೆಯವರೆಗೂ ಹೊಳೆಯಲಿಲ್ಲ.

ನಾನು ಅಲ್ಲಿ ಎಂಜಿನಿಯರ್. ಆಟದ ನೆಲದ ಉಸ್ತುವಾರಿ ನನ್ನದು. ನಮ್ಮಪ್ಪ ಕುಂದಾಪುರದ ಕಡೆಯಿಂದ ಬಂದು ದಿಲ್ಲಿಯ ಪೀತಮ್‌ಪುರಾದಲ್ಲಿ ದೋಸೆ ಹೋಟೆಲು ಇಟ್ಟವರು. ಈಗ ಅದನ್ನು ಅಣ್ಣ ನಡೆಸುತ್ತಾನೆ. "ಹೋಟೆಲಿನವರ ಮಗಳು ಎಷ್ಟು ಓದಿದರೂ ಕೊನೆಗೆ ನೆಲ ಒರೆಸುವ ಕೆಲಸಕ್ಕೇ ಬಂದಳು ನೋಡಿ" ಎಂದು ಅವನು ಗಿರಾಕಿಗಳ ಮುಂದೆ ನನ್ನನ್ನು ಪರಿಚಯಿಸುತ್ತಾನೆ. ಈ ಅಣ್ಣನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅವನ ಹೋಟೆಲಿನ ಒಂದು ಕಲ್ಲು ಕೊನೆಯಲ್ಲಿ ಬರುತ್ತದೆ.

೧. ಪೇಟವೋ, ಹಕ್ಕಿಯೋ

ನಮ್ಮ ಕ್ರೀಡಾಂಗಣವನ್ನು ಬಹಳ ಹಿಂದೆ ಒಂದು ದೊಡ್ಡ ಕ್ರೀಡಾಕೂಟಕ್ಕೆಂದು ಅವಸರದಲ್ಲಿ ಕಟ್ಟಿದರಂತೆ. ಎಂಥ ಅವಸರ ಎಂದರೆ, ಮೊದಲ ದಿನ ಬಂದ ಪ್ರೇಕ್ಷಕರು ಹಸಿ ಬಣ್ಣದ ಆಸನಗಳಿಗೆ ಒರಗಿ ಕೂತು, ಬೆನ್ನ ಮೇಲೆ ಸೀಟಿನ ನಂಬರು ಹೊತ್ತುಕೊಂಡು ಮನೆಗೆ ಹೋದರಂತೆ. ಅದೂ ತಿರುಗುಮುರುಗಾಗಿ, ಯಾಕೆಂದರೆ ಅಚ್ಚು ಬಿದ್ದಾಗ ಅಂಕಿ ಉಲ್ಟಾ ಬರುತ್ತದೆ.

ಇದರ ಸೂರು ಕಾಂಕ್ರೀಟಿನದು. ಸುತ್ತಲಿಂದ ನೆರಿಗೆ ನೆರಿಗೆಯಾಗಿ ಮೇಲೆದ್ದು, ನೆತ್ತಿಯಲ್ಲಿ ಎಲ್ಲ ನೆರಿಗೆಗಳೂ ಒಂದು ಗಂಟಿನಲ್ಲಿ ಸೇರುತ್ತವೆ. ಇದರ ಅರ್ಥ ಏನು ಎಂಬುದು ಬಂದ ಅತಿಥಿಯ ಮೇಲೆ ನಿಂತಿದೆ. ನಮ್ಮ ನಿರ್ದೇಶಕರು, ಅಂದರೆ ಇಡೀ ಕ್ರೀಡಾಂಗಣದ ಮುಖ್ಯಸ್ಥರು, ಈ ವಿಷಯದಲ್ಲಿ ಬಹಳ ಉದಾರಿ. ರಾಜಸ್ಥಾನದವರು ಬಂದರೆ "ಇದು ಪಗಡಿ" ಎನ್ನುತ್ತಾರೆ. ವಾಯುಪಡೆಯವರು ಬಂದರೆ ರೆಕ್ಕೆ ಬಿಚ್ಚಿದ ಹಕ್ಕಿ. ಯೋಗದ ಗುರುಗಳು ಬಂದ ದಿನ ಅದು ಧ್ಯಾನಕ್ಕೆ ಕೂತ ಋಷಿಯಾಗಿತ್ತು. ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇಳಿದುಕೊಂಡಿದ್ದ ನಮ್ಮ ಕರ್ನಾಟಕದ ಅಧಿಕಾರಿಗಳು ನೋಡಲು ಬಂದಾಗ ನಿರ್ದೇಶಕರು ನನ್ನ ಕಡೆ ತಿರುಗಿ ಮೆಲ್ಲಗೆ, "ನಿಮ್ಮ ಕಡೆ ಏನು ಹಾಕಿಕೊಳ್ಳುತ್ತಾರೆ ತಲೆಗೆ?" ಎಂದು ಕೇಳಿದರು. "ಮೈಸೂರು ಪೇಟ" ಎಂದೆ. ಅಲ್ಲಿಂದ ಅರ್ಧ ಗಂಟೆ ಅದು ಮೈಸೂರು ಪೇಟ.

ದಿಲ್ಲಿಯ ಜನ ಇಷ್ಟೆಲ್ಲ ತಲೆ ಕೆಡಿಸಿಕೊಂಡಿಲ್ಲ. ಅವರಿಗೆ ಅದು ಮೋಮೋ. ಮೋಮೋ ಅಂದರೆ ಮೈದಾ ಹಾಳೆಯೊಳಗೆ ಹೂರಣ ಇಟ್ಟು, ಅಂಚನ್ನು ನೆರಿಗೆ ಹಿಡಿದು, ಹಬೆಯಲ್ಲಿ ಬೇಯಿಸುವ ತಿಂಡಿ. ನಮ್ಮ ಮೋದಕದ ಖಾರದ ತಮ್ಮ ಎನ್ನಬಹುದು. ಇಲ್ಲಿ ಬೀದಿ ಬೀದಿಯಲ್ಲೂ ಸಿಗುತ್ತದೆ.

ಒಮ್ಮೆ ವಾರ್ಷಿಕೋತ್ಸವಕ್ಕೆ ಈ ಕಟ್ಟಡದ ನಕ್ಷೆ ಬರೆದ ವಾಸ್ತುಶಿಲ್ಪಿಯನ್ನೇ ಕರೆದು ಸನ್ಮಾನ ಮಾಡುವುದೆಂದಾಯಿತು. ಅವರೀಗ ವಯಸ್ಸಾದವರು, ವಸಂತ್ ಕುಂಜ್‌ನಲ್ಲಿ ಇರುತ್ತಾರೆ. ಕಾರು ಕಳಿಸುತ್ತೇವೆ ಎಂದು ಹೇಳಿ ಇಲಾಖೆ ಎಂದಿನಂತೆ ಕಳಿಸಲಿಲ್ಲ. ಅವರು ಮೆಟ್ರೋದಲ್ಲಿ ಬಂದು, ನಿಲ್ದಾಣದ ಹೊರಗೆ ಆಟೋದವನಿಗೆ ಕ್ರೀಡಾಂಗಣದ ಪೂರ್ತಿ ಹೆಸರು ಹೇಳಿದರು. ಉಸಿರು ಬಿಗಿಹಿಡಿದು ಹೇಳಬೇಕಾದಷ್ಟು ಉದ್ದದ ಹೆಸರು ಅದು.

"ಅದೆಲ್ಲಿ ಬರುತ್ತೆ ಅಂಕಲ್?" ಎಂದ ಆಟೋದವನು.

"ಇಲ್ಲೇ, ಹತ್ತಿರ. ದೊಡ್ಡ ಸೂರು. ನೆರಿಗೆಗಳೆಲ್ಲ ನೆಲದಿಂದ ಆಕಾಶಕ್ಕೆ ಏರಿ, ಬೆಳಕಿನಲ್ಲಿ ಒಂದಾಗುತ್ತವೆ..."

"ಅರೇ, ಮೋಮೋ! ಮೊದಲೇ ಹೇಳಬಾರದಾ? ಕೂತ್ಕೊಳ್ಳಿ, ಚಲೋ."

ವೇದಿಕೆಯ ಮೇಲೆ ಅವರು ಮಾತನಾಡುತ್ತಾ, ಈ ಸೂರು ನಿಜಕ್ಕೂ ಜೋಡಿಸಿದ ಎರಡು ಅಂಗೈಗಳು, ನಗರವು ಆಟಗಾರರಿಗೆ ಹೇಳುವ ನಮಸ್ಕಾರ ಎಂದರು. ನಿರ್ದೇಶಕರು ಇದನ್ನು ಮೊದಲ ಬಾರಿಗೆ ಕೇಳಿದವರಂತೆ ತಲೆದೂಗಿದರು. ಮೊದಲ ಬಾರಿಗೇ ಕೇಳಿದ್ದರು. ಕಾರ್ಯಕ್ರಮ ಮುಗಿದ ಮೇಲೆ, ಶಾಲು ಮಡಿಚಿ ಚೀಲಕ್ಕೆ ಹಾಕಿಕೊಂಡು, ಗೇಟಿನವರೆಗೆ ಕಳಿಸಲು ಬಂದ ನನ್ನನ್ನು ಅವರು ಬದಿಗೆ ಕರೆದರು.

"ನಿಜ ಹೇಳಮ್ಮಾ. ಬೇಯಿಸಿದ ಮೋಮೋ ಅಂತಾರೋ, ಕರಿದದ್ದು ಅಂತಾರೋ?"

"ಬೇಯಿಸಿದ್ದು ಅಂತಾರೆ, ಸರ್. ನಮ್ಮ ಎ.ಸಿ. ಕೆಲಸ ಮಾಡಲ್ಲವಲ್ಲ."

೨. ಕುದುರೆಯ ವಿವೇಕ

ಈಗ ನೆಲದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಈ ನೆಲದ ಮೇಲೆಯೇ ನಿಂತಿದೆ.

ಆಟದ ನೆಲ ಮರದ್ದು. ಬರೀ ಹಲಗೆ ಹಾಸಿದ್ದಲ್ಲ. ಹಲಗೆಯ ಕೆಳಗೆ ಮರದ ಪಟ್ಟಿಗಳು, ಅವುಗಳ ಕೆಳಗೆ ರಬ್ಬರಿನ ತುಂಡುಗಳು. ಆಟಗಾರ್ತಿ ಹಾರಿ ಕೆಳಗಿಳಿದಾಗ ನೆಲ ಕಣ್ಣಿಗೆ ಕಾಣದಷ್ಟು ಕುಗ್ಗಿ ಮತ್ತೆ ಮೇಲೇಳುತ್ತದೆ. ಪೆಟ್ಟನ್ನು ಮಂಡಿಯ ಬದಲು ನೆಲ ತಿನ್ನಲಿ ಎಂದು ಈ ಏರ್ಪಾಡು.

ಈ ನೆಲದ ಮೇಲೆ ಬ್ಯಾಡ್ಮಿಂಟನ್ ಆಡುವುದು ಸುತ್ತಮುತ್ತಲ ಬಡಾವಣೆಗಳ ಹುಡುಗಿಯರು. ಅವರ ಕೋಚ್ ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ನಾವಿಬ್ಬರೂ ಕನ್ನಡದಲ್ಲಿ ಮಾತನಾಡಿಕೊಳ್ಳುವುದನ್ನು ಕಂಡರೆ ನಿರ್ದೇಶಕರಿಗೆ ತಮ್ಮನ್ನೇ ಬೈಯುತ್ತಿದ್ದಾರೆ ಎಂಬ ಅನುಮಾನ. ಅನುಮಾನ ಬಹುಪಾಲು ಸರಿ.

ತೊಂದರೆ ಎಲ್ಲಿದೆ ಎಂದರೆ, ದಿಲ್ಲಿಯಲ್ಲಿ ಹೊಗೆಮಂಜು ಕವಿಯುವ ಕಾಲ ಮತ್ತು ಮದುವೆಯ ಸೀಸನ್ ಒಂದೇ. ಚಳಿ ಶುರುವಾದೊಡನೆ ಹೊರಗೆ ಉಸಿರಾಡುವುದು ಕಷ್ಟ, ಹುಡುಗಿಯರು ಒಳಗೇ ಆಡಬೇಕು. ಆಗಲೇ ಪಕ್ಕದ ಟೆಂಟ್ ಹೌಸಿನ ಮಾಲೀಕ, ಅಂದರೆ ಶಾಮಿಯಾನ, ಕುರ್ಚಿ, ಮಂಟಪ ಬಾಡಿಗೆಗೆ ಕೊಡುವವನು, ನಗುನಗುತ್ತಾ ನಿರ್ದೇಶಕರ ಕೋಣೆಗೆ ಬರುತ್ತಿದ್ದ. ಹಳೆಯ ನೆಲದ ಮೇಲೆ ಎಷ್ಟು ಮದುವೆಗಳಾದವೋ ದೇವರೇ ಬಲ್ಲ. ಹಲಗೆಗಳ ಮೇಲೆ ಚೋಲೆಯ ಎಣ್ಣೆ, ಚೂಪು ಹಿಮ್ಮಡಿಯ ಚಪ್ಪಲಿಗಳ ತೂತು, ಮಂಟಪದ ಮೊಳೆಯ ಗುರುತು. ಸರ್ವಿಸ್ ಗೆರೆ ಎಲ್ಲಿದೆ ಎಂದು ಹೊಸ ಹುಡುಗಿಯರು ಕೇಳಿದರೆ ಕೋಚ್, "ಗುಲಾಬ್ ಜಾಮೂನಿನ ಕಲೆಯಿಂದ ಎರಡು ಹೆಜ್ಜೆ ಹಿಂದೆ" ಎನ್ನುತ್ತಿದ್ದರು.

ಹಳೆಯ ನೆಲದ ಕೊನೆಯ ಮದುವೆ ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ವರ ಕುದುರೆಯ ಮೇಲೆ ಬರುತ್ತಾನೆ, ಸುತ್ತ ಬಾರಾತ್, ನಮ್ಮ ದಿಬ್ಬಣದ ಹಾಗೆ, ಆದರೆ ಬ್ಯಾಂಡು ಹೆಚ್ಚು. ಕುದುರೆಯನ್ನು ಬಾಗಿಲ ಹೊರಗೇ ಬಿಡುವುದು ಪದ್ಧತಿ. ಆ ದಿನ ವರನ ಚಿಕ್ಕಪ್ಪ ಒಪ್ಪಲಿಲ್ಲ.

"ಇದು ಒಳಾಂಗಣ ಕ್ರೀಡಾಂಗಣ ಅಂತ ಬೋರ್ಡು ಹಾಕಿದ್ದೀರಲ್ಲ? ಕುದುರೆ ಓಡಿಸೋದೂ ಕ್ರೀಡೆಯೇ. ಒಳಗೆ ಬರುತ್ತೆ."

"ನೆಲ ಮರದ್ದು, ಸರ್. ಹಾಳಾಗುತ್ತೆ" ಎಂದೆ.

"ಮೇಡಂ, ಕುದುರೆಗೆ ಏನೂ ಆಗಲ್ಲ, ನೀವು ಚಿಂತೆ ಮಾಡಬೇಡಿ."

ನಿರ್ದೇಶಕರು ನನ್ನನ್ನು ನೋಡದೆ ಸೂರಿನ ಕಡೆ ನೋಡುತ್ತಿದ್ದರು. ಕುದುರೆ ಬಾಗಿಲು ದಾಟಿ ಬಂದು, ಮರದ ಅಂಚಿನಲ್ಲಿ ಮುಂಗಾಲೊಂದನ್ನು ಇಟ್ಟಿತು. ನೆಲ ಸ್ವಲ್ಪ ಕುಗ್ಗಿರಬೇಕು. ಅದು ಕಾಲು ಹಿಂದಕ್ಕೆ ತೆಗೆದು, ನಿಂತು, ಹಲಗೆಯನ್ನು ಮೂಸಿ ನೋಡಿತು. ಎಳೆದರು, ಬೆಲ್ಲ ತೋರಿಸಿದರು, ಹಿಂದಿನಿಂದ ಬ್ಯಾಂಡು ಬಾರಿಸಿದರು. ಅದು ಜಗ್ಗಲಿಲ್ಲ. ಕೊನೆಗೆ ವರನೇ ಇಳಿದು, ಮುಖಕ್ಕೆ ಇಳಿಬಿಟ್ಟ ಹೂವಿನ ಪರದೆಯೊಳಗಿಂದ ದಾರಿ ಕಾಣದೆ ತಡವರಿಸುತ್ತಾ ನಡೆದುಹೋದ. ಅವನ ಹಿಂದೆ ಇಡೀ ಬಾರಾತ್ ಬೂಟು ಹಾಕಿಕೊಂಡು ನೆಲದ ಮೇಲೆ ಕುಣಿಯಿತು.

ಕೋಚ್ ನನ್ನ ಪಕ್ಕ ನಿಂತು ಹೇಳಿದರು: "ಇಷ್ಟು ವರ್ಷದಲ್ಲಿ ಈ ನೆಲ ಯಾಕಿದೆ ಅಂತ ಅರ್ಥ ಮಾಡ್ಕೊಂಡ ಮೊದಲ ಮುಖ್ಯ ಅತಿಥಿ ಇದೇ ನೋಡಿ, ಮೇಡಂ."

ಆ ಮದುವೆಯ ತಂದೂರ್ ಒಲೆಯಿಂದ ಬಿದ್ದ ಕೆಂಡ ಹಲಗೆ ಸುಟ್ಟ ಮೇಲೆ, ಪತ್ರದ ಮೇಲೆ ಪತ್ರ ಬರೆದು, ಕೊನೆಗೂ ನಾವು ಹೊಸ ನೆಲ ಹಾಕಿಸಿಕೊಂಡೆವು. ನಿರ್ದೇಶಕರು ಆಗ ಒಂದು ಷರತ್ತು ಇಟ್ಟರು. ಕ್ರೀಡಾ ಮಂಡಳಿಯ ಪರೀಕ್ಷಕರು ಬಂದು ನೆಲವನ್ನು ಪಾಸು ಮಾಡಿದರೆ ರಾಷ್ಟ್ರಮಟ್ಟದ ಬ್ಯಾಡ್ಮಿಂಟನ್ ಪಂದ್ಯಾವಳಿ ನಮಗೆ ಸಿಗುತ್ತದೆ. ಆಮೇಲೆ ಇಲ್ಲಿ ಮದುವೆ ಇಲ್ಲ. ಚಳಿಗಾಲಕ್ಕೆ ಮೊದಲು ಪಾಸಾಗದಿದ್ದರೆ ಇಡೀ ಸೀಸನ್ ಟೆಂಟ್ ಹೌಸಿನವನಿಗೆ.

"ಹುಡುಗಿಯರು ಎಲ್ಲಿ ಆಡಬೇಕು, ಸರ್?"

"ಹೊರಗೆ ಆಡಲಿ. ಮಾಸ್ಕ್ ಹಾಕಿಕೊಳ್ಳಲಿ."

"ನಾನು?"

"ನೀವು ಅನುಭವಸ್ಥರು. ಪಾರ್ಕಿಂಗ್ ನೋಡಿಕೊಳ್ಳಿ."

೩. ಸಾಹೇಬರ ಗಾಳಿ

ಹೊಸ ನೆಲದ ಮೇಲೆ ಮೊದಲು ಒಂದು ಸಣ್ಣ ಸ್ಪರ್ಧೆ ಇಟ್ಟೆವು. ಇಲ್ಲಿ ಎ.ಸಿ. ಬಗ್ಗೆ ಹೇಳಬೇಕು. ಮೇಲೆ ಅದು ಕೆಲಸ ಮಾಡುವುದಿಲ್ಲ ಎಂದೆ. ಪೂರ್ತಿ ನಿಜವಲ್ಲ. ಗಣ್ಯರು ಬಂದಾಗ ಮಾಡುತ್ತದೆ. ಗಣ್ಯರ ಸೋಫಾದ ಬೆನ್ನಿಗೇ ತಂಪುಗಾಳಿಯ ಕಿಂಡಿಗಳಿವೆ. ಕಟ್ಟಿದವರಿಗೆ ಯಾರ ಬೆವರು ಮುಖ್ಯ ಎಂಬುದರಲ್ಲಿ ಗೊಂದಲ ಇರಲಿಲ್ಲ.

ಬ್ಯಾಡ್ಮಿಂಟನ್ನಿನ ಶಟಲ್ ಅಂದರೆ ಗರಿಗಳ ಚೆಂಡು. ಸ್ವಲ್ಪ ಗಾಳಿ ಬೀಸಿದರೂ ಅದು ದಾರಿ ತಪ್ಪುತ್ತದೆ. ಸೋಫಾದಿಂದ ಗಾಳಿ ಬೀಸಿದಾಗ ಆ ಕಡೆ ನಿಂತವಳು ಹೊಡೆದದ್ದು ಗೆರೆಯಾಚೆ ಹಾರಿಹೋಗುತ್ತದೆ. ಎದುರು ನಿಂತವಳು ಎಷ್ಟು ಜೋರಾಗಿ ಹೊಡೆದರೂ ಒಳಗೇ ಬೀಳುತ್ತದೆ. ಎರಡೂ ಕಡೆಯವರು ಅಂಕಣ ಬದಲಿಸಿಕೊಳ್ಳುವುದರಿಂದ ನ್ಯಾಯ ಸರಿಹೋಗಬೇಕು. ಸಾಹೇಬರು ಕೊನೆಯವರೆಗೆ ಕೂತಿದ್ದರೆ.

ಫೈನಲ್ ದಿನ ಇಲಾಖೆಯ ಹಿರಿಯ ಸಾಹೇಬರು ಬಂದು ಕೂತರು. ಎ.ಸಿ. ಶುರುವಾಯಿತು. ನಮ್ಮ ಹುಡುಗಿ ಕೆಟ್ಟ ಕಡೆ ಇದ್ದಳು, ಮೊದಲ ಗೇಮ್ ಸೋತಳು. ಅಂಕಣ ಬದಲಾಯಿತು. ಈಗ ಗಾಳಿ ನಮ್ಮದು ಎಂದು ಕೋಚ್ ಅಂಗೈ ಉಜ್ಜಿಕೊಂಡರು. ಅಷ್ಟರಲ್ಲಿ ಸಾಹೇಬರಿಗೆ ಫೋನ್ ಬಂತು, ಅವರು ಎದ್ದು ಹೋದರು. ಅವರ ಕಾರು ಗೇಟು ದಾಟುವ ಮೊದಲೇ ಎ.ಸಿ. ನಿಂತಿತು.

ಕೋಚ್ ನೇರ ನಿರ್ದೇಶಕರ ಬಳಿ ಹೋದರು. "ಸಾಹೇಬರನ್ನ ವಾಪಸ್ ಕರೆಸಿ. ಈ ಗೇಮ್ ಮುಗಿಯೋವರೆಗೆ ಕೂತಿರಲಿ. ಅರ್ಧ ಗಾಳಿ ಎದುರಾಳಿಗೆ ಕೊಟ್ಟು ಇನ್ನರ್ಧ ನಮಗೆ ಕೊಡದೆ ಹೋಗೋದು ಯಾವ ನ್ಯಾಯ?"

"ಅವರು ಸಭೆಗೆ ಹೋದರು."

"ಹಾಗಾದ್ರೆ ಆ ಸೋಫಾದಲ್ಲಿ ನೀವು ಕೂತ್ಕೊಳ್ಳಿ."

ನಿರ್ದೇಶಕರಿಗೆ ಈ ಸಲಹೆ ತುಂಬಾ ಇಷ್ಟವಾಯಿತು. ಬಹುಶಃ ವರ್ಷಗಳಿಂದ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ಹೋಗಿ, ಕಾಲ ಮೇಲೆ ಕಾಲು ಹಾಕಿ ಕೂತು, ಎ.ಸಿ. ನಡೆಸುವವನಿಗೆ ಕೈಸನ್ನೆ ಮಾಡಿದರು. ಅವನು ಅಲ್ಲಿಂದಲೇ ಕೂಗಿದ:

"ಮಾಫ್ ಕರಿಯೇ ಸಾಬ್, ನಿಮ್ಮ ದರ್ಜೆಗೆ ಫ್ಯಾನ್ ಮಾತ್ರ!"

೪. ಪಾಲಿಶ್ ಬಾಬಾ

ಹೊಸ ನೆಲಕ್ಕೆ ಹೊರಗಿನ ಚಪ್ಪಲಿ ಬೂಟು ತಾಗಬಾರದು. ಮರಳಿನ ಒಂದು ಕಣ ಸಾಕು, ಪಾಲಿಶ್ ಕೆರೆದುಹೋಗುತ್ತದೆ. ಹಿಂದಿಯಲ್ಲೊಂದು, ಇಂಗ್ಲಿಷಿನಲ್ಲೊಂದು ಬೋರ್ಡು ಹಾಕಿದೆ. ಜನ ಬೋರ್ಡಿಗೆ ಒರಗಿ ನಿಂತು ಫೋನಿನಲ್ಲಿ ಮಾತನಾಡಿ, ಬೂಟಿನಲ್ಲೇ ಒಳಗೆ ನಡೆದರು. ಕೋಚ್ ಸೈನ್ಯದ ಗಂಟಲಿನಲ್ಲಿ ಗದರಿದರೆ ಬಿಚ್ಚುತ್ತಿದ್ದರು. ಅವರು ಚಹಾಕ್ಕೆ ಹೋದರೆ ಮತ್ತೆ ಮೊದಲಿನ ಹಾಗೆ.

ಅಣ್ಣನ ಹೋಟೆಲಿನಲ್ಲಿ ಕೂತು ಈ ಗೋಳು ಹೇಳಿಕೊಂಡೆ.

"ಬೋರ್ಡು ಯಾರು ಓದ್ತಾರೆ ಮಾರಾಯ್ತಿ?" ಎಂದ ಅಣ್ಣ. "ಬಾಗಿಲಲ್ಲಿ ಒಂದು ಅಗರಬತ್ತಿ ಹಚ್ಚಿಡು. ಚಪ್ಪಲಿ ತಾನಾಗೇ ಕಳಚ್ತದೆ."

ನಾನು ಒಂದು ಪುಟ್ಟ ಹಿತ್ತಾಳೆಯ ಬಟ್ಟಲಲ್ಲಿ ಮರಳು ತುಂಬಿ, ನೆಲದ ಅಂಚಿನ ಬಳಿ ಸಿಮೆಂಟಿನ ಕಟ್ಟೆಯ ಮೇಲೆ ಒಂದು ಅಗರಬತ್ತಿ ಹಚ್ಚಿಟ್ಟೆ. ದೇವರ ಪಟ ಇಡಲಿಲ್ಲ. ಇಟ್ಟರೆ ಯಾವ ದೇವರು ಎಂಬ ಜಗಳ ಬರುತ್ತದೆ ಎಂದು ಮುಂದಾಲೋಚನೆ ಮಾಡಿದ್ದೆ. ಮರುದಿನ ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ಒಬ್ಬ ಗುತ್ತಿಗೆದಾರ ಕಾಲುಚೀಲವನ್ನೂ ಬಿಚ್ಚಿ ಬಂದ. ನನಗೆ ಅಂದು ಆದ ಸಂತೋಷ ಹೇಳತೀರದು.

ಸಂತೋಷ ವಾರವೂ ಬಾಳಲಿಲ್ಲ. ಮೊದಲು ಯಾರೋ ಚೆಂಡುಹೂವು ಇಟ್ಟರು. ಆಮೇಲೆ ಕುಂಕುಮ ಬಂತು. ಆಮೇಲೆ ಒಂದು ಗಂಟೆ ತೂಗುಬಿತ್ತು. ಹತ್ತಿರದ ಬಡಾವಣೆಯ ಒಬ್ಬರು ಆಂಟಿ ತಂಬಿಗೆಯಲ್ಲಿ ನೀರು ತಂದು ಅರ್ಪಿಸಲು ಹೊರಟಾಗ ನಾನು ಓಡಿಹೋಗಿ ತಂಬಿಗೆ ಹಿಡಿದುಕೊಂಡೆ. ಮರಕ್ಕೆ ನೀರು ಬಿದ್ದರೆ ಉಬ್ಬುತ್ತದೆ, ಇದು ನಿಮಗೆ ಗೊತ್ತಿರುತ್ತದೆ. ಆಂಟಿ ನನ್ನನ್ನು ಅರ್ಚಕಿ ಎಂದು ತಿಳಿದು ಬಾಳೆಹಣ್ಣು ಕೊಟ್ಟು ಕಾಲು ಮುಟ್ಟಿದರು. ನೋಯ್ಡಾದಿಂದ ಬಂದ ತಂಡದವರು, ದೇವರು ಆತಿಥೇಯ ತಂಡದ ಕಡೆ ಇರುವುದರಿಂದ ಇದು ತಟಸ್ಥ ಅಂಗಣವಲ್ಲ ಎಂದು ತಕರಾರು ಎತ್ತಿದರು.

ತೆಗೆಸಿಬಿಡೋಣ ಎಂದು ಗಾರ್ಡ್‌ನನ್ನು ಕರೆದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. "ನಾನು ಮುಟ್ಟಲ್ಲ ಮೇಡಂ. ನನಗೆ ಮಕ್ಕಳಿದ್ದಾರೆ." ನಿರ್ದೇಶಕರಿಗೆ ಹೇಳಿದರೆ, "ಜನರ ಭಾವನೆಯ ವಿಷಯ" ಎಂದು ಕಣ್ಣು ಮುಚ್ಚಿದರು. ಅವರೇ ಬೆಳಿಗ್ಗೆ ಅಲ್ಲಿ ನಿಂತು ಬಡ್ತಿ ಕೇಳುವುದನ್ನು ನಾನು ಕಂಡಿದ್ದೆ.

"ಅಲ್ಲಿ ದೇವರೇ ಇಲ್ಲವಲ್ಲ ಭಯ್ಯಾ!" ಎಂದು ಗಾರ್ಡ್‌ಗೆ ಹೇಳಿದೆ. "ಯಾವ ದೇವರು ಅಂತ ಕೇಳಿದರೆ ಏನು ಹೇಳ್ತೀಯ?"

"ಹೇಳಿಬಿಟ್ಟಿದ್ದೀನಿ ಮೇಡಂ. ಪಾಲಿಶ್ ಬಾಬಾ. ಬೂಟು ಹಾಕಿ ತುಳಿದರೆ ಮಂಡಿ ಹಿಡಿದುಕೊಳ್ಳುತ್ತೆ."

ಮಾರನೆಯ ದಿನದಿಂದ ಮಂಡಿನೋವಿನವರ ಸಾಲು ಶುರುವಾಯಿತು.

೫. ತೆಂಗಿನಕಾಯಿ ಪರೀಕ್ಷೆ

ಕೊನೆಗೂ ಪರೀಕ್ಷಕರು ಬರುವ ದಿನ ಗೊತ್ತಾಯಿತು. ಆಗಲೇ ಸಂಜೆಯ ಹೊತ್ತು ಗಂಟಲು ಕೆರೆಯುವಂಥ ಹೊಗೆ ಶುರುವಾಗಿತ್ತು. ಟೆಂಟ್ ಹೌಸಿನ ಮಾಲೀಕ ವಾರಕ್ಕೆರಡು ಸಲ ಬಂದು, ಬಾಗಿಲಲ್ಲಿ ಭಕ್ತಿಯಿಂದ ಬೂಟು ಬಿಚ್ಚಿ, ಅಳತೆಪಟ್ಟಿ ಹಿಡಿದು ಮಂಟಪದ ಜಾಗ ಅಳೆಯುತ್ತಿದ್ದ.

ನಿರ್ದೇಶಕರು ಅದೇ ದಿನ ನೆಲದ ಉದ್ಘಾಟನೆಯನ್ನೂ ಇಟ್ಟರು. ಉದ್ಘಾಟನೆ ಅಂದರೆ ತೆಂಗಿನಕಾಯಿ ಒಡೆಯಲೇಬೇಕು. ನಾನು ಜಾಣತನದಿಂದ ಅಣ್ಣನ ಹೋಟೆಲಿನ ಹಳೆಯ ರುಬ್ಬುವ ಕಲ್ಲನ್ನು ತರಿಸಿ ಹೊರಗಿನ ಮೆಟ್ಟಿಲ ಮೇಲೆ ಇಡಿಸಿದೆ. ಕಾಯಿ ಅಲ್ಲಿ ಒಡೆಯಲಿ, ನೀರು ಅಲ್ಲೇ ಹರಿಯಲಿ, ನೆಲ ಕ್ಷೇಮವಾಗಿರಲಿ ಎಂದು. ಸುಲಿದ ಕಾಯಿಯನ್ನೂ ಕಳಿಸುತ್ತೇನೆ ಎಂದು ಅಣ್ಣ ಹೇಳಿದ್ದ. ನಿರ್ದೇಶಕರು ಬೇಡವೆಂದು ದೇವಸ್ಥಾನದ ಎದುರಿನ ಅಂಗಡಿಯಿಂದ ತಾವೇ ತರಿಸಿದರು. ಇಲ್ಲಿ ಪೂಜೆಯ ಕಾಯಿಗೆ ನಾರನ್ನು ದಪ್ಪಗೆ ಹಾಗೇ ಬಿಟ್ಟಿರುತ್ತಾರೆ, ಮೇಲೆ ಜರಿ ಅಂಚಿನ ಕೆಂಪು ಬಟ್ಟೆ ಸುತ್ತಿರುತ್ತಾರೆ. ನೋಡಲು ಚೆಂದ. ನಾರು ಸುಲಿಯದೆ ಕಾಯಿ ಒಡೆಯುವುದಿಲ್ಲ ಎಂಬುದು ಕರಾವಳಿಯ ಕಡೆಯ ಯಾರಿಗಾದರೂ ಗೊತ್ತು. ಆದರೆ ಕೇಳಿದವರು ಯಾರು?

ಪರೀಕ್ಷಕರು ಬಂದರು. ಸಣಕಲು ಮನುಷ್ಯ, ಮುಖದಲ್ಲಿ ನಗು ಇಲ್ಲ, ಕೈಯಲ್ಲಿ ಯಂತ್ರವೂ ಇಲ್ಲ. ಅವರ ಯಂತ್ರ ಮಾಡುವುದು ಇಷ್ಟೇ: ಒಂದು ಭಾರವನ್ನು ಎತ್ತರದಿಂದ ನೆಲಕ್ಕೆ ಬೀಳಿಸಿ, ಪೆಟ್ಟನ್ನು ನೆಲ ಎಷ್ಟು ನುಂಗಿತು ಎಂದು ಅಳೆಯುವುದು. ಕಬ್ಬಿಣದ ಗುಂಡು, ಅದಕ್ಕೆ ಸುತ್ತಿದ ವಯರು. ವಿಮಾನ ನಿಲ್ದಾಣದವರು ಅದನ್ನು ನೋಡಿ ಏನೆಂದುಕೊಂಡರೋ, ತಡೆದಿಟ್ಟುಕೊಂಡಿದ್ದರು.

"ಯಂತ್ರ ಇಲ್ಲದೆ ನಾನೇನೂ ಬರೆಯಲಾರೆ" ಎಂದರು. "ಸಂಜೆ ವಾಪಸ್ ಹೋಗುತ್ತೇನೆ. ಮುಂದೆ ಈ ಕಡೆ ಬರುವುದು ಚಳಿಗಾಲ ಕಳೆದ ಮೇಲೆ."

ನನ್ನ ಕಣ್ಣೆದುರು ಪಾರ್ಕಿಂಗ್ ಜಾಗ ಬಂದು ನಿಂತಿತು. ಪ್ರದರ್ಶನ ಪಂದ್ಯ ಆಡುತ್ತಿದ್ದ ಹುಡುಗಿಯರು ಆಟ ನಿಲ್ಲಿಸಿ ನಮ್ಮ ಕಡೆ ನೋಡಿದರು. ಟೆಂಟ್ ಹೌಸಿನವನು ಅಳತೆಪಟ್ಟಿಯನ್ನು ಸರ್ರನೆ ಎಳೆದ ಸದ್ದು ಕೇಳಿಸಿತು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದೇಬಿಟ್ಟರು. ದೊಡ್ಡ ದೇಹ, ದೊಡ್ಡ ಮೀಸೆ, ಕೈಯಲ್ಲಿ ಕೆಂಪು ಬಟ್ಟೆಯ ಕಾಯಿ. ನಾನು ಮೆಟ್ಟಿಲ ಮೇಲಿನ ಕಲ್ಲನ್ನು ತೋರಿಸಿ, "ಇಲ್ಲಿ, ಸರ್" ಎಂದೆ.

"ಬಾಬಾ ಎಲ್ಲಿದ್ದಾರೆ?" ಎಂದರು ಅವರು.

"ಒಳಗೆ!" ಎಂದ ಗಾರ್ಡ್, ಹೆಮ್ಮೆಯಿಂದ.

ಅವರು ಕಲ್ಲನ್ನು ದಾಟಿ, ಬೂಟು ಬಿಚ್ಚಿ, ಗಂಟೆ ಬಾರಿಸಿ, ನೇರ ನನ್ನ ನೆಲದ ಮೇಲೆ ನಿಂತು, ಕಾಯಿಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿದರು. ನಾನು "ಬೇಡ!" ಎಂದು ಕೂಗಿದೆ, ಕನ್ನಡದಲ್ಲಿ. ಅವರಿಗೆ ಅರ್ಥವಾಗಲಿಲ್ಲ. ಪೂರ್ತಿ ಬಲ ಹಾಕಿ ನೆಲಕ್ಕೆ ಅಪ್ಪಳಿಸಿದರು.

ಕಾಯಿ ಧಬ್ಬೆಂದು ಬಿದ್ದು, ಚೆಂಡಿನ ಹಾಗೆ ಪುಟಿದು, ಉರುಳಿ ಬಂದು ಪರೀಕ್ಷಕರ ಕಾಲ ಬಳಿ ನಿಂತಿತು.

ಒಡೆಯದ ಕಾಯಿ ಅಪಶಕುನ, ಅದೂ ದೊಡ್ಡವರ ಕೈಯಿಂದ. ನಿರ್ದೇಶಕರ ಮುಖ ಬಿಳಿಚಿತು. ಪರೀಕ್ಷಕರು ಮಾತ್ರ ಕಾಯಿಯನ್ನು ಎತ್ತಿಕೊಳ್ಳದೆ, ಕಾಯಿ ಬಿದ್ದ ಜಾಗಕ್ಕೆ ಹೋಗಿ ಮಂಡಿಯೂರಿದರು. ಅಂಗೈಯಿಂದ ಸವರಿದರು. ಕೆನ್ನೆಯನ್ನು ಹಲಗೆಗೆ ಆನಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ತಗ್ಗಿಲ್ಲ, ಬಿರುಕಿಲ್ಲ, ಗೀರೂ ಇಲ್ಲ. ಮೊದಲ ಬಾರಿಗೆ ಅವರ ಮುಖದಲ್ಲಿ ಜೀವ ಕಾಣಿಸಿತು.

"ಸರ್," ಎಂದು ಅವರು ಮುಖ್ಯ ಅತಿಥಿಗೆ ಬಹಳ ವಿನಯದಿಂದ ಹೇಳಿದರು, "ಇನ್ನೊಮ್ಮೆ. ಇದೇ ಎತ್ತರದಿಂದ. ಆದರೆ ಈ ಮೂಲೆಯಲ್ಲಿ."

ಮುಖ್ಯ ಅತಿಥಿ ನಿರ್ದೇಶಕರ ಕಡೆ ನೋಡಿದರು. ಜೀವನದಲ್ಲಿ ಮೊದಲ ಬಾರಿ ನಿರ್ದೇಶಕರ ಆ ಅಭ್ಯಾಸ, ಅಂದರೆ ಕೇಳಿದವರಿಗೆ ಬೇಕಾದ ಅರ್ಥ ಕೊಡುವುದು, ನಮ್ಮ ಉಪಯೋಗಕ್ಕೆ ಬಂತು. "ವಾಸ್ತು, ಸರ್," ಎಂದರು ಥಟ್ಟನೆ. "ದಿಕ್ಕು ದಿಕ್ಕಿಗೂ ಒಂದು."

"ಅಚ್ಛಾ!" ಎಂದರು ಮುಖ್ಯ ಅತಿಥಿ, ಕುರ್ತಾದ ತೋಳು ಮೇಲಕ್ಕೆ ಮಡಿಚಿ.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಂದೆ ಪರೀಕ್ಷಕರು, ಅವರ ಹಿಂದೆ ಕಾಯಿ ಹಿಡಿದ ಮುಖ್ಯ ಅತಿಥಿ, ಹಿಂದೆ ನಿರ್ದೇಶಕರು, ಅವರ ಹಿಂದೆ ಗಂಟೆ ಹಿಡಿದ ಗಾರ್ಡ್. ಪರೀಕ್ಷಕರು ಬೆರಳು ತೋರಿಸಿದಲ್ಲಿ ಅಪ್ಪಳಿಸುವುದು. ಕಾಯಿ ಪುಟಿಯುವುದು. ಪರೀಕ್ಷಕರು ಕೆನ್ನೆ ಆನಿಸಿ ಮಲಗುವುದು. ಅದನ್ನು ನೋಡಿ ಇದೂ ಪೂಜೆಯ ಭಾಗ ಎಂದುಕೊಂಡು ಮಂಡಿನೋವಿನ ಸಾಲಿನವರೆಲ್ಲ ಸಾಷ್ಟಾಂಗ ಬೀಳುವುದು. ಬಲೆಯ ಕೆಳಗೆ, ಸರ್ವಿಸ್ ಗೆರೆಯ ಮೇಲೆ, ಹಿಂದಿನ ಮೂಲೆಯಲ್ಲಿ, ಎಲ್ಲೂ ಬಿಡಲಿಲ್ಲ. ಹುಡುಗಿಯರ ಆಟಕ್ಕೆಂದು ಕೋಚ್ ಎ.ಸಿ. ಬಂದ್ ಮಾಡಿಸಿದ್ದರಿಂದ ಮುಖ್ಯ ಅತಿಥಿಯ ಕುರ್ತಾ ಬೆನ್ನಿಗೆ ಅಂಟಿಕೊಂಡಿತ್ತು.

"ಇದು ಒಡೆಯೋದೇ ಇಲ್ವಾ?" ಎಂದು ಅವರು ಏದುಸಿರು ಬಿಡುತ್ತಾ ಕೇಳಿದರು.

"ಒಡೆಯಬಾರದು, ಸಾಬ್!" ಎಂದರು ಕೋಚ್. "ಒಡೆದ್ರೆ ನಮ್ಮ ಹುಡುಗಿಯರು ಬೀದಿಗೆ."

ಪರೀಕ್ಷಕರು ಎದ್ದು ಮಂಡಿ ಕೊಡವಿಕೊಂಡರು. "ನಾನು ಸಂಜೆ ಹೋಗುವುದಿಲ್ಲ," ಎಂದರು. "ಯಂತ್ರ ಬಿಡಿಸಿಕೊಂಡು ಬಂದೇ ಹೋಗುತ್ತೇನೆ. ಇದು ಪಾಸಾಗದಿದ್ದರೆ ನಾನು ಈ ಕೆಲಸ ಬಿಟ್ಟುಬಿಡುತ್ತೇನೆ." ಮರುದಿನ ಯಂತ್ರ ಬಂತು, ಭಾರ ಬೀಳಿಸಿತು, ತೆಂಗಿನಕಾಯಿ ಹೇಳಿದ್ದನ್ನೇ ಹೇಳಿತು. ಚಳಿಗಾಲ ಹುಡುಗಿಯರದಾಯಿತು, ಪಂದ್ಯಾವಳಿ ನಮ್ಮದಾಯಿತು, ಪಾರ್ಕಿಂಗ್ ಬೇರೆ ಯಾರದೋ ಆಯಿತು.

ಆದರೆ ಆ ದಿನದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಯಿ ಇನ್ನೂ ಇಡಿಯಾಗಿತ್ತು. ಕಾಯಿ ಒಡೆಯದೆ ಉದ್ಘಾಟನೆ ಆಗುವುದಿಲ್ಲ, ಉದ್ಘಾಟನೆ ಆಗದೆ ಮುಖ್ಯ ಅತಿಥಿ ಹೋಗುವಂತಿಲ್ಲ, ಅವರ ತೋಳೋ ಇನ್ನು ಮೇಲೇಳುವ ಹಾಗಿರಲಿಲ್ಲ. ನಿರ್ದೇಶಕರು ಹೊರಗಿನ ಕಲ್ಲಿನ ಹತ್ತಿರ ಹೋಗಿ ತಾವೇ ಎರಡು ಸಲ ಕುಟ್ಟಿ ನೋಡಿ ಬೆರಳು ಜಜ್ಜಿಕೊಂಡರು.

ಆಗ ಟೆಂಟ್ ಹೌಸಿನ ಮಾಲೀಕ ಮುಂದೆ ಬಂದ. ಸೀಸನ್ ಕೈತಪ್ಪಿದ್ದು ಅವನಿಗೆ ಗೊತ್ತಾಗಿತ್ತು. ಆದರೆ ಮುಹೂರ್ತ ಮೀರುವುದನ್ನು ನೋಡಿಕೊಂಡು ಸುಮ್ಮನಿರಲು ಅವನ ಕಸುಬು ಬಿಡಲಿಲ್ಲ.

"ಚಲೋ, ಇಲ್ಲಿ ಕೊಡಿ," ಎಂದ. ಕೆಂಪು ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಹಲ್ಲು ಕಚ್ಚಿ ನಾರು ಸುಲಿದ. ಅಣ್ಣನ ಕಲ್ಲ ಮೇಲೆ ಒಂದೇ ಏಟು. ಕಾಯಿ ನೀಟಾಗಿ ಎರಡು ಹೋಳು. ನೂರಾರು ಜನ ಚಪ್ಪಾಳೆ ತಟ್ಟಿದರು. ಅವನು ಮೊದಲ ಚೂರನ್ನು ನನ್ನ ಕೈಗಿಟ್ಟು, "ಮುಬಾರಕ್ ಹೋ, ಮೇಡಂ" ಎಂದ.

ಹೀಗಾಗಿ ನಮ್ಮ ಕ್ರೀಡಾಂಗಣದ ಗೋಡೆಯ ಮೇಲೆ, ಹಳೆಯ ಉದ್ಘಾಟನೆಗಳ ಫೋಟೋಗಳ ಸಾಲಿನಲ್ಲಿ, ಈಗ ಒಂದು ಹೊಸ ಫೋಟೋ ಇದೆ. ಇನ್ನು ಮುಂದೆ ಇಲ್ಲಿ ಮದುವೆಗಳೇ ಇಲ್ಲ ಎಂಬ ಶುಭಕಾರ್ಯವನ್ನು ಕಾಯಿ ಒಡೆದು ಉದ್ಘಾಟಿಸುತ್ತಿರುವವನು ಟೆಂಟ್ ಹೌಸಿನ ಮಾಲೀಕ.